ಮದುವೆಗೆ ಸಾಕ್ಷಿ

ವಾರ್ಷಿಕ ಸಂಚಿಕೆಗೆ ಏನಾದರೊಂದನ್ನು ಬರೆದುಕೊಡಬೇಕೆಂದು ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ ನನ್ನ ಸಹಪಾಠಿಗಳಲ್ಲಿ ಕೆಲವರು ಕವಿತೆಯನ್ನೂ ಕೆಲವರು ಪ್ರವಾಸಕಥನವನ್ನೂ ಆರಿಸಿಕೊಂಡರು. ನನಗೆ ಕವಿತೆ ಒಲಿದಿಲ್ಲ. ಪ್ರವಾಸವೆಂದರೆ ಊರಿನಿಂದ ಕಾಲೇಜಿಗೆ ಬಸ್ಸಿನಲ್ಲಿ ಬಂದುಹೋಗುವುದಷ್ಟೆ. ಆದರೆ ೨೦೨೪ನೆಯ ಇಸವಿಯ ಬಹುಭಾಗವನ್ನು ನಾನು ಒಂದು ವಿಷಯದ ಅಧ್ಯಯನದಲ್ಲಿ ಕಳೆದೆ. ಅದು ನಮ್ಮ ಪಠ್ಯಕ್ರಮದಲ್ಲಿಲ್ಲ. ಇಂಗ್ಲೆಂಡಿನಲ್ಲಿರುವ ಗಂಡನ ಬಳಿಗೆ ಹೆಂಡತಿ ಹೋಗಬೇಕಾದರೆ ಯಾವ ಯಾವ ಕಾಗದಗಳನ್ನು, ಹೇಗೆ ಒದಗಿಸಬೇಕೆಂಬುದೇ ಆ ವಿಷಯ. ನಮ್ಮ ಮನೆಯಲ್ಲಿ ಇಂಗ್ಲಿಷ್ ಫಾರಂ ಓದಬಲ್ಲವನು ನಾನೊಬ್ಬನೇ ಆದುದರಿಂದ ಈ ವಿದ್ಯೆ ನನ್ನ ಪಾಲಿಗೆ ಬಂದಿತು.

ನನ್ನ ಅಕ್ಕನ ಮದುವೆ ೨೦೨೪ರ ಏಪ್ರಿಲ್ ಕೊನೆಯ ವಾರದಲ್ಲಿ ನಡೆಯಿತು. ಭಾವ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿ ಹಲವು ವರ್ಷ ದುಡಿದು ಶಾಶ್ವತವಾಗಿ ನೆಲೆಸುವ ಅನುಮತಿ ಪಡೆದವರು. ಮೂರು ವಾರದ ರಜೆ ತೀರಿದೊಡನೆ ಅವರು ಹೊರಟರು. “ಒಂದೆರಡು ತಿಂಗಳಲ್ಲಿ ಇವಳೂ ಹೋಗುತ್ತಾಳೆ” ಎಂದು ಅಮ್ಮ ಬಂಧುಗಳಿಗೆಲ್ಲ ಹೇಳಿಬಿಟ್ಟಳು. ವೀಸಾ ಎಂದರೆ ದುಡ್ಡು ಕಟ್ಟಿ ಪಡೆಯುವ ಟಿಕೆಟ್ಟಿನಂಥ ವಸ್ತುವೆಂದು ನಾವೆಲ್ಲ ಭಾವಿಸಿದ್ದೆವು.

ಅದು ಹಾಗಲ್ಲ. ಅರ್ಜಿಯನ್ನು ನೋಡುವ ಅಧಿಕಾರಿ ನಮ್ಮ ಊರನ್ನು ಕಂಡವನಲ್ಲ, ಧಾರೆಗೆ ಬಂದವನಲ್ಲ, ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಮಾತನಾಡುವ ಸಂಭವವೂ ಕಡಿಮೆ. ಐನೂರು ಮಂದಿ ಊಟ ಮಾಡಿ ಹೋದ ಮದುವೆಗೆ ಅವನ ಮುಂದೆ ಸಾಕ್ಷಿ ಹೇಳುವವು ಕಾಗದಗಳು ಮಾತ್ರ. ಆದುದರಿಂದ ‘ಇರುವುದನ್ನೆಲ್ಲ ಕಳಿಸಿಬಿಡೋಣ’ ಎಂಬ ನಮ್ಮ ಕಡೆಯ ಬುದ್ಧಿ ಇಲ್ಲಿ ಸಲ್ಲದು. ಅಪ್ಪ ಮೊದಲ ದಿನವೇ ಪಹಣಿ, ಪಡಿತರ ಚೀಟಿ, ಜಾತಿ ಪ್ರಮಾಣಪತ್ರ, ಅಕ್ಕನ ಟಿ.ಸಿ. ಎಲ್ಲವನ್ನೂ ಟ್ರಂಕಿನಿಂದ ತೆಗೆದು ಮುಂದಿಟ್ಟರು. ಅವುಗಳಲ್ಲಿ ಒಂದೂ ಬೇಕಾಗಲಿಲ್ಲ. ಅಧಿಕಾರಿಯ ಮನಸ್ಸಿನಲ್ಲಿರುವ ಪ್ರಶ್ನೆ ಯಾವುದು, ಅದಕ್ಕೆ ಉತ್ತರ ಕೊಡುವ ಕಾಗದ ಯಾವುದು ಎಂದು ಜೋಡಿಸುತ್ತ ಹೋಗುವುದೇ ಈ ಕೆಲಸದ ಮರ್ಮ.

ಮೊದಲ ಪ್ರಶ್ನೆ: ಇವರಿಬ್ಬರೂ ನ್ಯಾಯವಾಗಿ ಗಂಡಹೆಂಡಿರೆ? ೧೯೫೫ರ ಹಿಂದೂ ವಿವಾಹ ಕಾಯಿದೆಯ ೮ನೆಯ ವಿಧಿ ನೋಂದಣಿಗೆ ಅವಕಾಶ ಕೊಟ್ಟು, ನೋಂದಣಿ ಆಗದಿದ್ದ ಮಾತ್ರಕ್ಕೆ ಮದುವೆ ಅಸಿಂಧುವಲ್ಲವೆಂದು ಹೇಳುತ್ತದೆ. ೨೦೦೬ರಲ್ಲಿ ನಮ್ಮ ಸುಪ್ರೀಂ ಕೋರ್ಟು ಎಲ್ಲ ಮದುವೆಗಳೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ನಿರ್ದೇಶಿಸಿತು. ಆದರೂ ಹಳ್ಳಿಗಳಲ್ಲಿ ಇಂದಿಗೂ ತಾಳಿ ಬಿದ್ದರೆ ಮುಗಿಯಿತು. ಕಚೇರಿಯ ನೆನಪಾಗುವುದು ಪಾಸ್‌ಪೋರ್ಟಿನ ಮಾತು ಬಂದಾಗ. ಪುಣ್ಯಕ್ಕೆ ಭಾವ ಊರಲ್ಲಿದ್ದಾಗಲೇ ಲಗ್ನಪತ್ರಿಕೆ, ಫೋಟೋ, ಮೂವರು ಸಾಕ್ಷಿಗಳೊಡನೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿಬಂದಿದ್ದರು.

ತೊಡಕು ಬಂದುದು ಹೆಸರಿನಲ್ಲಿ. ನಮ್ಮ ಕಡೆ ಹೆಸರಿನೊಡನೆ ಎರಡು ಅಕ್ಷರಗಳಿರುತ್ತವೆ: ಒಂದು ಊರಿನದು, ಒಂದು ತಂದೆಯದು. ಮದುವೆಯ ಪ್ರಮಾಣಪತ್ರದಲ್ಲಿ ಅಕ್ಕನ ಹೆಸರು ಹೀಗೆ ಎರಡಕ್ಷರದೊಡನೆ ಇದೆ. ಪಾಸ್‌ಪೋರ್ಟಿನಲ್ಲಾದರೋ ಆ ಅಕ್ಷರಗಳು ಬಿಡಿಸಿಕೊಂಡು, ನಮ್ಮ ಹಳ್ಳಿಯೇ ಅವಳ ಮನೆತನದ ಹೆಸರಾಗಿ ಕುಳಿತಿದೆ. ಇಬ್ಬರೂ ಒಬ್ಬಳೇ ಎಂದು ನಮಗೆ ಗೊತ್ತು. ದೂರದ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಛಾಪಾ ಕಾಗದದ ಮೇಲೆ ಅಫಿಡವಿಟ್ ಬರೆಸಿ, ನೋಟರಿಯ ಮೊಹರು ಹಾಕಿಸಿ, ಅರ್ಜಿಯ ಮೇಲುಪತ್ರದಲ್ಲಿಯೂ ಎರಡು ಸಾಲು ವಿವರಣೆ ಕೊಟ್ಟೆವು. ಇಷ್ಟಾಗುವಷ್ಟರಲ್ಲಿ ಇನ್ನೊಂದು ತಮಾಷೆ ನಡೆಯಿತು. ಕನ್ನಡದಲ್ಲಿರುವ ಯಾವ ಕಾಗದ ಕೊಟ್ಟರೂ ಅದರ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಾಗಿದೆ ಎಂಬ ಹೇಳಿಕೆ, ತಾರೀಖು, ಅನುವಾದಕನ ಪೂರ್ಣ ಹೆಸರು, ರುಜು, ವಿಳಾಸಗಳೂ ಅದರಲ್ಲಿರಬೇಕು. ಲಗ್ನಪತ್ರಿಕೆಯನ್ನು ಒಬ್ಬ ಅನುವಾದಕರಿಗೆ ಕೊಟ್ಟೆವು. ಅವರು ಕ್ರೋಧಿ ಸಂವತ್ಸರವನ್ನೂ ಶಾಲಿವಾಹನ ಶಕವನ್ನೂ ಬಲು ಶ್ರದ್ಧೆಯಿಂದ ಇಂಗ್ಲಿಷಿಗೆ ತಂದರು. ಆದರೆ ಹೆಸರಿನ ಹಿಂದಿದ್ದ ‘ಚಿ॥ ಸೌ॥’ ಎಂಬುದನ್ನು ಹೆಸರಿನದೇ ಭಾಗವೆಂದು ತಿಳಿದು ಇನ್ನೆರಡು ಅಕ್ಷರ ಸೇರಿಸಿಬಿಟ್ಟರು. ಹೀಗೆ ನನ್ನ ಅಕ್ಕ ಮೂರನೆಯ ಹೆಸರನ್ನು ಪಡೆದಳು. ತಿದ್ದಿಸಿದ್ದಾಯಿತು.

ಎರಡನೆಯ ಪ್ರಶ್ನೆ ಹಣದ್ದು. ಹೆಂಡತಿಯನ್ನು ಕರೆಸಿಕೊಳ್ಳುವವನಿಗೆ ಇಂತಿಷ್ಟು ವರಮಾನವಿರಬೇಕೆಂದು ಬ್ರಿಟನ್ ೨೦೧೨ರ ಜುಲೈಯಲ್ಲಿ ನಿಯಮ ಮಾಡಿತು. ಆಗ ಅದು ವರ್ಷಕ್ಕೆ ೧೮,೬೦೦ ಪೌಂಡ್. ಇದರ ವಿರುದ್ಧ ಹೂಡಿದ ವ್ಯಾಜ್ಯದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ೨೦೧೭ರಲ್ಲಿ ನಿಯಮವನ್ನು ತತ್ತ್ವತಃ ಎತ್ತಿಹಿಡಿದು, ಮಕ್ಕಳ ಹಿತವನ್ನು ಸಾಕಷ್ಟು ಗಮನಿಸಿಲ್ಲವೆಂದು ಆಕ್ಷೇಪಿಸಿತು. ೨೦೨೩ರ ಡಿಸೆಂಬರಿನಲ್ಲಿ ಈ ಮೊತ್ತವನ್ನು ೩೮,೭೦೦ಕ್ಕೆ ಏರಿಸುವುದಾಗಿ ಅಲ್ಲಿನ ಸರ್ಕಾರ ಸಾರಿತು. ಅನಂತರ ಹಂತಹಂತವಾಗಿ ಏರಿಸುವೆವೆಂದು ಹೇಳಿ, ೨೦೨೪ರ ಏಪ್ರಿಲ್ ೧೧ರಿಂದ ೨೯,೦೦೦ ಪೌಂಡ್ ಮಾಡಿತು. ಅಕ್ಕನ ನಿಶ್ಚಿತಾರ್ಥದ ದಿನ ೧೮,೬೦೦ ಇದ್ದುದು ಧಾರೆಯ ದಿನಕ್ಕೆ ೨೯,೦೦೦ ಆಗಿತ್ತು. ವರದಕ್ಷಿಣೆಯ ಮಾತಿಲ್ಲದೆ ನಡೆದ ಮದುವೆಯಲ್ಲಿ ಇಂಥದೊಂದು ಲೆಕ್ಕ ಒಳಹೊಕ್ಕಿತಲ್ಲ ಎಂದು ಅಪ್ಪ ಪೇಚಾಡಿದರು.

ಭಾವನ ಸಂಬಳ ಆ ಗೆರೆಯನ್ನು ದಾಟುತ್ತಿತ್ತು, ಆದರೆ ಬಹಳ ದೂರ ದಾಟುತ್ತಿರಲಿಲ್ಲ. ಒಂದೇ ಕಡೆ ಆರು ತಿಂಗಳಿಗೆ ಮೇಲ್ಪಟ್ಟು ಕೆಲಸದಲ್ಲಿರುವ ಸಂಬಳದಾರನು ಆರು ತಿಂಗಳ ಸಂಬಳದ ಚೀಟಿಗಳನ್ನೂ ಅದೇ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಕೊಡಬೇಕು. ಆ ಅವಧಿಯಲ್ಲಿ ಸಂಬಳ ಅತ್ಯಂತ ಕಡಿಮೆಯಿದ್ದ ಮಟ್ಟವನ್ನೇ ಹಿಡಿದು ವರ್ಷದ ಲೆಕ್ಕ ಕಟ್ಟುತ್ತಾರೆ. ಮದುವೆಗೆಂದು ಭಾವ ತೆಗೆದುಕೊಂಡ ರಜೆಯಲ್ಲಿ ಕೆಲವು ದಿನಗಳಿಗೆ ಸಂಬಳವಿರಲಿಲ್ಲ. ಹೀಗಾಗಿ ಮೇ ತಿಂಗಳ ಚೀಟಿ ಸೊರಗಿತ್ತು. ಮದುವೆಯಾಗಲು ಬಂದುದರಿಂದಲೇ ಹೆಂಡತಿಯನ್ನು ಕರೆಸಿಕೊಳ್ಳುವ ಅರ್ಹತೆಗೆ ಪೆಟ್ಟು! ವಿವರಣೆ ಬರೆದು ಅರ್ಜಿ ಹಾಕಬಹುದಿತ್ತೇನೋ. ಆದರೆ ತಿರಸ್ಕಾರವಾದರೆ ಅರ್ಜಿಯ ಶುಲ್ಕ ಹಿಂದಕ್ಕೆ ಬಾರದು. ಆಗಿನ ಶುಲ್ಕ ೧,೮೪೬ ಪೌಂಡ್. ಅದರ ಮೇಲೆ ವೈದ್ಯಸೇವೆಯ ತೆರಿಗೆ ವರ್ಷಕ್ಕೆ ೧,೦೩೫ರಂತೆ ಮೂರು ವರ್ಷಕ್ಕೆ ೩,೧೦೫. ಎರಡೂ ಸೇರಿ ಐದು ಲಕ್ಷ ರೂಪಾಯಿಗೂ ಹೆಚ್ಚು. ವೈದ್ಯಸೇವೆಯ ಹಣವನ್ನಾದರೂ ಹಿಂದಿರುಗಿಸುತ್ತಾರೆ, ಶುಲ್ಕವನ್ನಲ್ಲ. ಆದುದರಿಂದ ಮೇ ತಿಂಗಳು ಲೆಕ್ಕದಿಂದ ಆಚೆ ಹೋಗಲೆಂದು ನವೆಂಬರಿನ ಸಂಬಳದವರೆಗೆ ಕಾಯುವುದೆಂದು ಇಬ್ಬರೂ ಫೋನಿನಲ್ಲಿ ತೀರ್ಮಾನಿಸಿದರು. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ.

ಕಾದರೂ ಸುಖವಾಗಲಿಲ್ಲ. ಕೆಲಸ ಕೊಟ್ಟವರ ಪತ್ರವೊಂದು ಬೇಕು: ಕೆಲಸ ಖಾಯಮ್ಮೋ ಅಲ್ಲವೋ, ಎಷ್ಟು ಕಾಲದಿಂದ, ಸಂಬಳವೆಷ್ಟು, ಈ ಸಂಬಳ ಯಾವಾಗಿನಿಂದ ಎಂಬ ನಾಲ್ಕೂ ಸಂಗತಿ ಅದರಲ್ಲಿರಬೇಕು. ಮೊದಲು ಬಂದ ಪತ್ರದಲ್ಲಿ ಕೊನೆಯದು ಬಿಟ್ಟುಹೋಗಿತ್ತು. ತಿದ್ದಿದ ಪತ್ರ ಬರುವ ಹೊತ್ತಿಗೆ ಕ್ರಿಸ್‌ಮಸ್ ರಜೆ. ಅಷ್ಟರಲ್ಲಿ ನವೆಂಬರಿನ ಚೀಟಿಯೂ ಬ್ಯಾಂಕಿನ ಕಾಗದವೂ ಹಳಸಿದ್ದವು. ಏಕೆಂದರೆ ಇವು ಅರ್ಜಿಯ ದಿನಕ್ಕೆ ೨೮ ದಿನಕ್ಕಿಂತ ಹಿಂದಿನವಾಗಿರಬಾರದು. ಡಿಸೆಂಬರಿನ ಚೀಟಿ ಸೇರಿಸಿ, ಜುಲೈಯಿಂದ ಹೊಸದಾಗಿ ಆರು ಎಣಿಸಿ, ೨೦೨೫ರ ಜನವರಿ ಮೊದಲ ವಾರದಲ್ಲಿ ಅರ್ಜಿ ಹಾಕಿದ್ದು. ಚೀಟಿಯಲ್ಲಿ ‘ಕೈಗೆ ಬಂದ ಸಂಬಳ’ ಎಂದಿರುವ ಮೊತ್ತವೇ ಬ್ಯಾಂಕಿನ ಸಾಲಿನಲ್ಲಿಯೂ ಇದೆಯೇ ಎಂದು ಆರು ತಿಂಗಳಿಗೂ ನಾನು ಬೆರಳಿಟ್ಟು ನೋಡಿದೆ. ಇದನ್ನು ಮಾತ್ರ ಯಾರೂ ಏಜೆಂಟರಿಗೆ ಒಪ್ಪಿಸಿ ನಿಶ್ಚಿಂತರಾಗಬಾರದೆಂದು ನನ್ನ ಅಭಿಪ್ರಾಯ.

ವಸತಿಯ ವಿಷಯ ಬೇಗ ಮುಗಿಯಿತು: ಬಾಡಿಗೆಯ ಕರಾರು, ಮನೆಯ ಮಾಲೀಕರ ಪತ್ರ. ಮನೆ ಕಿಕ್ಕಿರಿದಿರಬಾರದೆಂಬ ನಿಯಮವುಂಟು. ಅವರ ೧೯೮೫ರ ವಸತಿ ಕಾಯಿದೆಯ ಲೆಕ್ಕದಲ್ಲಿ ಒಂದು ಕೋಣೆಗೆ ಇಬ್ಬರು, ಎರಡಕ್ಕೆ ಮೂವರು, ಮೂರಕ್ಕೆ ಐವರು. ಹತ್ತು ವರ್ಷದೊಳಗಿನ ಮಗು ಅರ್ಧ ಮನುಷ್ಯ, ಒಂದು ವರ್ಷದೊಳಗಿನದು ಲೆಕ್ಕಕ್ಕೇ ಇಲ್ಲ. ಅಜ್ಜಿಯೂ ಸೇರಿ ಐದು ಜನರಿರುವ ನಮ್ಮ ಎರಡು ಕೋಣೆಯ ಮನೆಗೆ ಈ ಸೂತ್ರ ಹಚ್ಚಿ ನೋಡಿ, ಫಲಿತಾಂಶವನ್ನು ಯಾರಿಗೂ ಹೇಳದೆ ಸುಮ್ಮನಾದೆ. ಕ್ಷಯರೋಗದ ಪರೀಕ್ಷೆಯನ್ನು ಬ್ರಿಟನ್ ಸರ್ಕಾರ ಒಪ್ಪಿದ ಕ್ಲಿನಿಕ್ಕಿನಲ್ಲಿಯೇ ಮಾಡಿಸಬೇಕು. ಬೆಂಗಳೂರಿನಲ್ಲಿ ಅದು ಆಯಿತು. ಇಂಗ್ಲಿಷ್ ಮಾತನಾಡಿ ಅರ್ಥಮಾಡಿಕೊಳ್ಳುವ ಪರೀಕ್ಷೆ ೨೦೧೦ರ ನವೆಂಬರಿನಿಂದ ಜಾರಿಗೆ ಬಂದುದು. ಅಕ್ಕನಿಗೆ ಬೇಕಾಗಿದ್ದುದು ಎ೧ ಎಂಬ ಕೆಳಗಿನ ಮೆಟ್ಟಿಲು. ಕನ್ನಡ ಮಾಧ್ಯಮದಲ್ಲಿ ಪಿ.ಯು.ಸಿ. ಮುಗಿಸಿದ ಅವಳು ಎರಡು ತಿಂಗಳು ಹಾಲು ಕರೆಯುವಾಗಲೂ ಇಂಗ್ಲಿಷಿನಲ್ಲಿ ಮಾತನಾಡಿ ಹಸುವನ್ನು ಕಂಗೆಡಿಸಿ, ಪಾಸಾದಳು.

ಇನ್ನು ಉಳಿದುದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಈ ದಾಂಪತ್ಯ ನಿಜವಾದುದೆ, ಈಗಲೂ ನಡೆಯುತ್ತಿದೆಯೆ?

ಈ ಪ್ರಶ್ನೆಗೆ ಹಳೆಯ ಚರಿತ್ರೆಯುಂಟು. ೧೯೭೯ರಲ್ಲಿ ಲಂಡನ್ನಿನ ಹೀಥ್ರೂ ವಿಮಾನನಿಲ್ದಾಣದಲ್ಲಿ, ಮದುವೆಯಾಗಲೆಂದು ಬಂದಿಳಿದ ಒಬ್ಬ ಭಾರತೀಯ ಮಹಿಳೆಯ ಮಾತನ್ನೂ ಕಾಗದವನ್ನೂ ನಂಬದೆ, ಆಕೆ ಕನ್ಯೆಯೋ ಅಲ್ಲವೋ ಎಂದು ವೈದ್ಯರಿಂದ ದೇಹಪರೀಕ್ಷೆ ಮಾಡಿಸಿದರು. ಗಾರ್ಡಿಯನ್ ಪತ್ರಿಕೆ ಅದನ್ನು ಹೊರಗೆಡವಿದ ಮೇಲೆ ದೊಡ್ಡ ಕೋಲಾಹಲವಾಗಿ ಆ ಪದ್ಧತಿ ನಿಂತಿತು. ಅನಂತರ ೧೯೮೦ರ ದಶಕದಲ್ಲಿ, ಮದುವೆಯ ಮುಖ್ಯ ಉದ್ದೇಶ ಬ್ರಿಟನ್ನಿಗೆ ಬರುವುದಲ್ಲವೆಂದು ಅರ್ಜಿದಾರನೇ ಸಿದ್ಧಪಡಿಸಬೇಕೆಂಬ ನಿಯಮ ಬಲವಾಯಿತು. ಇಲ್ಲವೆಂಬುದನ್ನು ಸಿದ್ಧಪಡಿಸುವುದು ಹೇಗೆ? ಹಿರಿಯರು ಕೂಡಿಸಿದ ಮದುವೆಗಳು ಈ ಬಲೆಯಲ್ಲಿ ಹೆಚ್ಚಾಗಿ ಸಿಕ್ಕಿಬಿದ್ದವು. ಆಗಿನ ತೀರ್ಪುಗಳಲ್ಲಿ ಒಂದು ವಿಚಿತ್ರವಾದ ಮಾತು ಬರುತ್ತದೆ. ಕನ್ನಡದಲ್ಲಿ ಹೇಳುವುದಾದರೆ ‘ನಡುಗಾಲದ ಅನುರಾಗ’. ಮದುವೆಗೂ ಅರ್ಜಿಯ ವಿಚಾರಣೆಗೂ ನಡುವಿನ ಕಾಲದಲ್ಲಿ ದಂಪತಿಗಳು ಪರಸ್ಪರ ಬರೆದ ಓಲೆಗಳು, ಮಾಡಿದ ಪ್ರಯಾಣಗಳು ಇವೆಲ್ಲ ಪ್ರೀತಿಯ ಪುರಾವೆಯೆಂದು ಕಡತ ಸೇರುತ್ತಿದ್ದವು. ೧೯೯೭ರಲ್ಲಿ ಆ ನಿಯಮ ರದ್ದಾಯಿತು. ಪ್ರಶ್ನೆ ಬೇರೆ ಮಾತಿನಲ್ಲಿ ಉಳಿಯಿತು.

ಅಕ್ಕಭಾವಂದಿರ ನಡುವೆ ಓಲೆಗಳಿಲ್ಲ. ಇದ್ದುದು ವಾಟ್ಸಾಪಿನ ಸಂದೇಶಗಳು. ಅವನ್ನು ಆರಿಸಿ, ಮುದ್ರಿಸಿ, ಅನುವಾದಿಸಿ ಕೊಡಬೇಕು. ಕರಡು ಮಾಡಬೇಕಾದವನು ನಾನು. ಅಕ್ಕ ಎರಡು ದಿನ ಫೋನನ್ನು ನನ್ನ ಕೈಗೆ ಕೊಡಲಿಲ್ಲ. “ನಿನಗೆ ತೋರಿಸೋಕೇ ನಾಚಿಕೆ ಕಣೋ, ಇನ್ನು ಆ ಬಿಳಿಯರಿಗೆ ಯಾಕೆ ತೋರಿಸಬೇಕು?” ಎಂದಳು. ಕೊನೆಗೆ ತಾನೇ ಕುಳಿತು, ತಿಂಗಳಿಗೆ ಐದಾರರಂತೆ ಆರಿಸಿ, ಚಿತ್ರ ತೆಗೆದು ಕಳಿಸಿದಳು. ಮುನ್ನೂರು ಪುಟ ಕೊಡುವುದಕ್ಕಿಂತ ಇದೇ ಸರಿ. ಮೇಯಿಂದ ಡಿಸೆಂಬರಿನವರೆಗೆ ಎಡೆಬಿಡದೆ ಸಂಪರ್ಕವಿತ್ತೆಂದು ಕಾಣಬೇಕಷ್ಟೆ.

ಓದಿ ನನಗೆ ದಿಗಿಲಾಯಿತು. ಅದರಲ್ಲಿ ಪ್ರೇಮದ ಮಾತು ಒಂದೂ ಇರಲಿಲ್ಲ. “ಊಟ ಆಯ್ತೇನ್ರೀ?” “ಆಯ್ತು. ನಿಂದು?” “ಮಳೆ ಬಂತಾ?” “ಡ್ಯೂಟಿ ಮುಗೀತಾ?” “ಅತ್ತೆಗೆ ಮಂಡಿನೋವು ಹೇಗಿದೆ?” ಮರುದಿನ ಮತ್ತೆ “ಊಟ ಆಯ್ತಾ?” ಇಂಗ್ಲಿಷಿಗೆ ತಂದಾಗ ಅದು ಹೋಟೆಲಿನ ಮಾಣಿಯ ಪ್ರಶ್ನೆಯಂತೆ ಕಂಡಿತು. ನಾಲ್ಕು ಸಕ್ಕರೆಯ ಮಾತು ಸೇರಿಸಲೇ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಸೇರಿಸಲಿಲ್ಲ, ರುಜು ಹಾಕುವ ಅನುವಾದಕರು ಒಪ್ಪುತ್ತಲೂ ಇರಲಿಲ್ಲ, ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೂ ಬ್ರಿಟನ್ನಿನ ಬಾಗಿಲು ಮುಚ್ಚಬಹುದು. ಅದರ ಬದಲು ಅಕ್ಕನ ಹೇಳಿಕೆಯಲ್ಲಿ ಇದ್ದುದನ್ನು ಇದ್ದಂತೆಯೇ ಬರೆದೆವು: ಸಂಬಂಧ ಯಾರ ಮೂಲಕ ಬಂತು, ಮದುವೆಗೆ ಮುಂಚೆ ಎಷ್ಟು ಸಲ ನೋಡಿದರು, ರಾತ್ರಿಪಾಳಿಯಿಂದ ಭಾವ ಯಾವಾಗ ಮನೆಗೆ ಬರುತ್ತಾರೆ, ಇಲ್ಲಿ ಆಗ ಗಂಟೆಯೆಷ್ಟು, ನಮ್ಮ ಮನೆಗಳಲ್ಲಿ ಗಂಡಹೆಂಡಿರು ‘ಪ್ರೀತಿ’ ಎಂಬ ಪದವನ್ನು ಬಾಯಿಬಿಟ್ಟು ಆಡುವುದಿಲ್ಲ, ಊಟವಾಯಿತೆ ಎಂದು ಕೇಳುತ್ತಾರೆ. ಈ ಕೊನೆಯ ವಾಕ್ಯ ಅಕ್ಕನದೇ. ನಾನು ಇಂಗ್ಲಿಷ್ ಮಾಡಿದೆನಷ್ಟೆ. ಜೊತೆಗೆ ಎರಡೂ ಮನೆಯವರಿರುವ ಹತ್ತು ಫೋಟೋ, ಪ್ರತಿಯೊಂದರ ಕೆಳಗೆ ತಾರೀಖು, ಸ್ಥಳ, ಯಾರು ಯಾರೆಂಬ ವಿವರ.

ಅಮೆರಿಕಕ್ಕಾದರೆ ದಾರಿ ಬೇರೆ. ಅಲ್ಲಿ ನೆಲೆಸಿರುವವರೇ ಮೊದಲು ಐ-೧೩೦ ಎಂಬ ಅರ್ಜಿ ಹಾಕಬೇಕು. ನಮಗೆ ಬೇಡವಾದ ಜನನ ಪ್ರಮಾಣಪತ್ರ ಅಲ್ಲಿ ಬೇಕೇಬೇಕು. ವರಮಾನದ ಗೆರೆ ಸಾಮಾನ್ಯವಾಗಿ ಅವರ ಬಡತನರೇಖೆಯ ಶೇಕಡಾ ೧೨೫. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನಕಲು ಮಾಡಬಾರದು. ಬ್ರಿಟನ್ನಿನ ನಿಯಮಗಳೂ ಬದಲಾಗುತ್ತಲೇ ಇರುವುದರಿಂದ ಅರ್ಜಿ ಹಾಕುವ ವಾರವೇ ಸರ್ಕಾರದ ಪುಟವನ್ನು ನೋಡತಕ್ಕದ್ದು.

ಮಾರ್ಚಿ ಕೊನೆಯಲ್ಲಿ ಅನುಮತಿ ಬಂದಿತು. ೩೩ ತಿಂಗಳಿಗೆ ಮಾತ್ರ. ಅದು ತೀರುವ ಮುಂಚೆ, ೨೦೨೭ರ ಕೊನೆಯಲ್ಲಿ, ಸಂಬಳದ ಚೀಟಿ, ಬಾಡಿಗೆಯ ಕರಾರು, ದಾಂಪತ್ಯದ ಪುರಾವೆ ಎಲ್ಲವನ್ನೂ ಮತ್ತೆ ಒಪ್ಪಿಸಬೇಕು. ವಿದ್ಯುತ್ ಬಿಲ್ಲಿನಿಂದ ಹಿಡಿದು ಇಬ್ಬರ ಹೆಸರಿಗೂ ಬರುವ ಪ್ರತಿಯೊಂದು ಕಾಗದವನ್ನೂ ಎತ್ತಿಡಲು ಭಾವನಿಗೆ ಬರೆದಿದ್ದೇನೆ. ಅಕ್ಕ ಹೊರಟ ದಿನ ಅಪ್ಪ ಮದುವೆಯ ಪ್ರಮಾಣಪತ್ರದ ನಕಲೊಂದನ್ನು ತೆಗೆಸಿ, ಪಹಣಿಯ ಜೊತೆಗೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು.