ಬೆಳೆದ ಮೇಲೆ ಕಲಿಯುವ ಕುದುರೆ ಸವಾರಿ

ಸಂಡೂರು ತಾಲ್ಲೂಕಿನ ಚೋರನೂರಿನಿಂದ ಹೊಸಪೇಟೆ, ಹಂಪಿ, ಕಂಪ್ಲಿಗಳವರೆಗಿನ ಸೀಮೆಯಲ್ಲಿ ಕುದುರೆ ಇಂದು ಹೆಚ್ಚಾಗಿ ಕಾಣಸಿಗುವುದು ಕಲ್ಲಿನಲ್ಲಿ. ಹಂಪಿಯ ಹಜಾರರಾಮ ದೇವಾಲಯದ ಹೊರಪ್ರಾಕಾರದ ಗೋಡೆಯಲ್ಲಿ ಆನೆಗಳ ಸಾಲಿನ ಮೇಲೆ ಕುದುರೆಗಳ ಸಾಲು ಸಾಗುತ್ತದೆ. ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಪರದೇಶದ ವರ್ತಕರು ಕುದುರೆಗಳನ್ನು ನಡೆಸಿಕೊಂಡು ಬರುತ್ತಾರೆ. ವಿಠ್ಠಲ ದೇವಾಲಯದ ದಾರಿಯ ಮಂಟಪವೊಂದಕ್ಕೆ ಕಂಬಗಳ ಮೇಲಿನ ಸವಾರರ ಶಿಲ್ಪಗಳಿಂದಲೇ ಕುದುರೆಗೊಂಬೆ ಮಂಟಪವೆಂಬ ಹೆಸರು ಬಂದಿದೆ. 1949ರವರೆಗೆ ಸಂಡೂರನ್ನು ಆಳಿದ ಘೋರ್ಪಡೆ ಮನೆತನವೂ ಮರಾಠ ಸೇನೆಯಲ್ಲಿ ಹೆಸರಾದ ಕುದುರೆ ಸವಾರರ ಕುಲಕ್ಕೆ ಸೇರಿದ್ದು. ಇಂಥ ಸೀಮೆಯಲ್ಲಿಯೂ ಸವಾರಿಯೆಂದರೆ ಎಳವೆಯಲ್ಲಿ ಕಲಿಯದವರಿಗೆ ಮುಂದೆ ಒಲಿಯದ ವಿದ್ಯೆಯೆಂಬ ಭಾವನೆಯಿದೆ. ಆ ಭಾವನೆಯನ್ನು ಈ ನೆಲದ ಚರಿತ್ರೆಯಾಗಲಿ, ಸವಾರಿಯ ಕ್ರಮವಾಗಲಿ ಸಮರ್ಥಿಸುವುದಿಲ್ಲ.

ದಖ್ಖನಿನ ಹವೆ ಮತ್ತು ಮೇವು ಯುದ್ಧದ ಕುದುರೆಗಳ ತಳಿ ಬೆಳೆಸುವುದಕ್ಕೆ ಅಷ್ಟಾಗಿ ಒಗ್ಗದ ಕಾರಣ ವಿಜಯನಗರವು ಅರೇಬಿಯಾ ಮತ್ತು ಪರ್ಷಿಯಾಗಳಿಂದ ಹಡಗಿನಲ್ಲಿ ಬರುತ್ತಿದ್ದ ಕುದುರೆಗಳನ್ನು ಅವಲಂಬಿಸಿತ್ತು. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಂಡು, ಉತ್ತಮವಾದವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು, ಉಳಿದವನ್ನು ನಾಯಕರಿಗೆ ಹಂಚುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನುನಿಜ್ ಬರೆದಿದ್ದಾನೆ. ಇಮ್ಮಡಿ ದೇವರಾಯನು ಬಹಮನಿ ಸೇನೆಯ ಬಲಕ್ಕೆ ಅದರ ಕುದುರೆಗಳೂ ಬಿಲ್ಲುಗಾರರೂ ಕಾರಣವೆಂದು ಅರಿತು, ಮುಸ್ಲಿಂ ಯೋಧರನ್ನು ಸೇರಿಸಿಕೊಂಡು, ತನ್ನ ಸೈನಿಕರಿಗೆ ಅವರಿಂದ ಬಿಲ್ಲುವಿದ್ಯೆ ಕಲಿಸಿದನೆಂದು ಇತಿಹಾಸಕಾರ ಫೆರಿಷ್ತಾ ಹೇಳುತ್ತಾನೆ. ಬೆಳೆದ ಗಂಡಸರು ಹೊಸದಾಗಿ ಶಿಷ್ಯರಾದದ್ದನ್ನು ತಿಳಿಸುವ ಈ ವಿವರಕ್ಕೆ ಯುದ್ಧದ ಕಥನಗಳಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಕೃಷ್ಣದೇವರಾಯನು ನಸುಕಿಗೆ ಮುನ್ನವೇ ಎಳ್ಳೆಣ್ಣೆ ಕುಡಿದು, ಮೈಗೆ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಕುಸ್ತಿ ಮಾಡಿ, ಅನಂತರ ಬೆಳಕು ಹರಿಯುವವರೆಗೆ ಬಯಲಿನಲ್ಲಿ ಕುದುರೆ ಓಡಿಸುತ್ತಿದ್ದನೆಂಬ ಪೋರ್ಚುಗೀಸ್ ಪ್ರವಾಸಿ ಪಾಯೆಸನ ವರ್ಣನೆಯೂ, ಸವಾರಿಯು ಪ್ರೌಢ ವಯಸ್ಸಿನಲ್ಲಿ ದಿನವೂ ಸಾಧನೆ ಬೇಡುವ ವ್ಯಾಯಾಮವೆಂಬುದನ್ನು ತೋರಿಸುತ್ತದೆ.

ಕಲಿಕೆ ನೆಲದ ಮೇಲೆಯೇ ಆರಂಭವಾಗುತ್ತದೆ. ಕುದುರೆಯ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಅದಕ್ಕೆ ಸುತ್ತಲಿನ ಬಹುಭಾಗ ಕಾಣುತ್ತದೆಯಾದರೂ, ಹಣೆಯ ನೇರ ಮುಂದಿನ ಮತ್ತು ಬಾಲದ ನೇರ ಹಿಂದಿನ ಜಾಗಗಳು ಕಾಣುವುದಿಲ್ಲ. ಆದ್ದರಿಂದ ಮಾತನಾಡಿಸುತ್ತ ಹೆಗಲಿನ ಕಡೆಯಿಂದ ಸಮೀಪಿಸಬೇಕು. ಮೈ ಉಜ್ಜುವುದು, ಗೊರಸಿನೊಳಗಿನ ಕಲ್ಲು ಮಣ್ಣು ತೆಗೆಯುವುದು, ಜೀನನ್ನು ಬೆನ್ನಿಗಿಟ್ಟು ಹೊಟ್ಟೆಪಟ್ಟಿ ಬಿಗಿಯುವುದು, ಬಾಯಿಗೆ ಕಡಿವಾಣ ಕೊಡುವುದು ಇವೆಲ್ಲ ಸವಾರನದೇ ಕೆಲಸಗಳು. ತಲೆಗೆ ಹೆಲ್ಮೆಟ್, ಕಾಲಿಗೆ ಹಿಮ್ಮಡಿಯುಳ್ಳ ಬೂಟು ಕಡ್ಡಾಯ. ಹಿಮ್ಮಡಿಯಿಲ್ಲದಿದ್ದರೆ ಪಾದವು ರಿಕಾಪಿನೊಳಗೆ, ಅಂದರೆ ಕಾಲಿಡುವ ಕಬ್ಬಿಣದ ಬಳೆಯೊಳಗೆ, ಜಾರಿ ಸಿಕ್ಕಿಕೊಂಡು ಬಿದ್ದವನನ್ನು ಕುದುರೆ ಎಳೆದೊಯ್ಯುವ ಅಪಾಯವಿದೆ.

ಹೊಸಬರನ್ನು ಮೊದಲು ಲಂಜಿಂಗ್ ಎಂಬ ವಿಧಾನದಲ್ಲಿ ಕೂರಿಸುತ್ತಾರೆ: ಶಿಕ್ಷಕನು ನಡುವೆ ನಿಂತು ಉದ್ದನೆಯ ಹಗ್ಗದಲ್ಲಿ ಕುದುರೆಯನ್ನು ಸುತ್ತ ತಿರುಗಿಸುತ್ತಿದ್ದರೆ, ಲಗಾಮಿನ ಚಿಂತೆಯಿಲ್ಲದೆ ಸವಾರನು ಕುಳಿತುಕೊಳ್ಳುವ ಬಗೆಯೊಂದನ್ನೇ ಕಲಿಯುತ್ತಾನೆ. ಪಕ್ಕದಿಂದ ನೋಡಿದಾಗ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರದಲ್ಲಿರಬೇಕು. ವಯಸ್ಕರಿಗೆ ಇದು ಕಷ್ಟವಾಗುವುದು ಶಕ್ತಿಯ ಕೊರತೆಯಿಂದಲ್ಲ. ಕುರ್ಚಿಯ ಮೇಲೆ ಕುಳಿತು ಕುಳಿತು ಸೊಂಟದ ಕೀಲುಗಳು ಬಿಗಿದಿರುತ್ತವೆ, ಬೀಳುವ ಭಯವೂ ಇರುತ್ತದೆ. ಭಯದಲ್ಲಿ ಮೊಣಕಾಲುಗಳನ್ನು ಜೀನಿಗೆ ಒತ್ತಿ ಹಿಡಿದರೆ ದೇಹ ಮೇಲಕ್ಕೆ ತಳ್ಳಲ್ಪಟ್ಟು ಸಮತೋಲ ತಪ್ಪುತ್ತದೆ. ಲಗಾಮನ್ನು ಆಸರೆಯಾಗಿ ಎಳೆದರೆ ಕುದುರೆಯ ಬಾಯಿಗೆ ನೋವಾಗಿ ಅದು ತಲೆ ಕೊಡವುತ್ತದೆ. ಮೈಮೇಲೆ ಕುಳಿತ ನೊಣವನ್ನೂ ಅರಿಯುವ ಪ್ರಾಣಿಗೆ ಸವಾರನ ತೊಡೆಯ ಬಿಗಿತ ತಿಳಿಯದೇ ಇರುವುದಿಲ್ಲ.

ಅಮರಕೋಶವು ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಕುದುರೆಯ ಐದು ಗತಿಗಳನ್ನು ಹೆಸರಿಸುತ್ತದೆ. ಇಂದಿನ ಶಾಲೆಗಳ ಕ್ರಮದಲ್ಲಿ ನಡಿಗೆ, ಕುಕ್ಕುಲೋಟ, ಕ್ಯಾಂಟರ್, ನಾಗಾಲೋಟ ಎಂಬ ನಾಲ್ಕು ಗತಿಗಳಿವೆ. ನಡಿಗೆಯಲ್ಲಿ ನಾಲ್ಕು ಗೊರಸುಗಳು ಒಂದಾದ ಮೇಲೊಂದು ನೆಲ ಮುಟ್ಟುತ್ತವೆ, ಕುಕ್ಕುಲೋಟದಲ್ಲಿ ಕರ್ಣರೇಖೆಯ ಎರಡೆರಡು ಕಾಲುಗಳು ಜೊತೆಯಾಗಿ ನೆಲ ಮುಟ್ಟುವುದರಿಂದ ಎರಡೇ ಬಡಿತ, ಕ್ಯಾಂಟರಿನಲ್ಲಿ ಮೂರು, ಅತಿವೇಗದ ನಾಗಾಲೋಟದಲ್ಲಿ ಮತ್ತೆ ನಾಲ್ಕು. ಹೊಸಬರ ನಿಜವಾದ ಪರೀಕ್ಷೆ ಕುಕ್ಕುಲೋಟದಲ್ಲಿದೆ. ಅದರ ಕುಲುಕಾಟದಿಂದ ಕುದುರೆಯ ಬೆನ್ನನ್ನೂ ತನ್ನ ಬೆನ್ನನ್ನೂ ಕಾಪಾಡಲು ಸವಾರನು ಒಂದು ಬಡಿತಕ್ಕೆ ಜೀನಿನಿಂದ ಕೊಂಚ ಏಳುತ್ತಾನೆ, ಮರುಬಡಿತಕ್ಕೆ ಮೆಲ್ಲನೆ ಕೂರುತ್ತಾನೆ. ಸುತ್ತು ಹಾಕುವಾಗ ಹೊರಬದಿಯ ಮುಂಗಾಲು ಮುಂದಕ್ಕೆ ಚಾಚಿದಾಗ ಏಳಬೇಕೆಂಬುದು ನಿಯಮ. ಅದರ ಜೊತೆಗೇ ಚಲಿಸುವ ಒಳಬದಿಯ ಹಿಂಗಾಲಿಗೆ ಆಗ ಭಾರವಿಲ್ಲದೆ ಮುಂದೆ ಹೆಜ್ಜೆಯಿಡಲು ಅನುಕೂಲವಾಗುತ್ತದೆ. ಈ ಲಯ ದೇಹಕ್ಕೆ ಹತ್ತುವವರೆಗೆ ತೊಡೆ ನೋವು ತಪ್ಪಿದ್ದಲ್ಲ. ಹತ್ತಿದ ಮೇಲೆ ದೊರೆಯುವ ಆನಂದಕ್ಕೆ ಆ ನೋವು ಏನೇನೂ ಅಲ್ಲ.

ದೇಹದ ಮಿತಿಯನ್ನು ಸವಾರಿ ಎಷ್ಟು ದೂರ ಮೀರಬಲ್ಲದೆಂಬುದಕ್ಕೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಸಾಕ್ಷಿ. 1944ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ಪೋಲಿಯೊದಿಂದ ಮೊಣಕಾಲಿನ ಕೆಳಗೆ ಬಲ ಕಳೆದುಕೊಂಡ ಆಕೆ ಸವಾರಿಯನ್ನು ಮತ್ತೆ ಮೊದಲಿನಿಂದ ಕಲಿತು, ಇತರರ ನೆರವಿನಿಂದ ಕುದುರೆ ಏರಬೇಕಾಗಿದ್ದರೂ, 1952 ಮತ್ತು 1956ರ ಒಲಿಂಪಿಕ್ಸ್‌ಗಳಲ್ಲಿ ಡ್ರೆಸಾಜ್ ಎಂಬ ನಯಗತಿಯ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಪಡೆದರು.

ಕರ್ನಾಟಕದಲ್ಲಿ ಈ ವಿದ್ಯೆಗೆ ನೆಲೆಗಳಿವೆ. ದಸರಾ ಮೆರವಣಿಗೆಯಲ್ಲಿ ಕಾಣುವ ಮೈಸೂರಿನ ಅಶ್ವಾರೋಹಿ ಪೊಲೀಸ್ ದಳವು ಬೇಸಿಗೆಯಲ್ಲಿ ಸಾರ್ವಜನಿಕರಿಗೆ ಸವಾರಿ ಶಿಬಿರಗಳನ್ನು ನಡೆಸಿರುವುದುಂಟು. ಬೆಂಗಳೂರಿನ ಉತ್ತರಕ್ಕೆ 1996ರಲ್ಲಿ ಆರಂಭವಾದ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ಇದೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದ ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯ ಸ್ಥಾನ ಪಡೆದರು.

ಶಾಲೆಯನ್ನು ಆರಿಸಿಕೊಳ್ಳುವವರು ಮೊದಲು ನೋಡಬೇಕಾದದ್ದು ಲಾಯವನ್ನು. ಕುದುರೆಗಳ ಬೆನ್ನಿನಲ್ಲಿ ಜೀನು ಉಜ್ಜಿದ ಗಾಯಗಳಿರಬಾರದು. ನೀರು, ನೆರಳು, ಬಿಡುವು ಇರಬೇಕು. ಸವಾರ ಮತ್ತು ಜೀನಿನ ತೂಕ ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು, ಅಂದರೆ 450 ಕಿಲೋ ತೂಗುವ ಕುದುರೆಗೆ 90 ಕಿಲೋವನ್ನು, ಮೀರಬಾರದೆಂಬ ರೂಢಿಯ ಮಿತಿಯನ್ನು ಶಿಕ್ಷಕರು ಪಾಲಿಸಬೇಕು. ಸಂಡೂರು, ಕಂಪ್ಲಿಗಳಂಥ ದೂರದ ಊರುಗಳಿಂದ ಹೋಗುವ ವಯಸ್ಕರಿಗೆ ವಾರಕ್ಕೊಂದು ಪಾಠಕ್ಕಿಂತ ಎಡೆಬಿಡದೆ ಕೆಲವು ದಿನ ನಡೆಯುವ ಶಿಬಿರವೇ ಹೆಚ್ಚು ಫಲ ಕೊಡುತ್ತದೆ. ಹೊಸ ಲಯವನ್ನು ದೇಹ ಮರೆಯುವ ಮೊದಲೇ ಮರುದಿನದ ಪಾಠ ಬಂದಿರುತ್ತದೆ.