ಆರ್‌ಪಿಜಿಗಳ ಜಂಕ್ಷನ್ ಯಾವುದು?

ಹಾಸ್ಟೆಲ್‌ಗಳಲ್ಲಿ ಎಂದೂ ಮುಗಿಯದ ವಾದಗಳಲ್ಲಿ ‘ಬೆಸ್ಟ್ ಆರ್‌ಪಿಜಿ ಯಾವುದು’ ಅನ್ನೋದೂ ಒಂದು. ಒಬ್ಬ ವಿಚರ್ 3 ಅಂತಾನೆ, ಇನ್ನೊಬ್ಬಳು ಬಾಲ್ಡರ್ಸ್ ಗೇಟ್ 3 ಅಂತಾಳೆ, ಮೂಲೆಯಲ್ಲಿ ಕೂತವನು ಎಲ್ಡನ್ ರಿಂಗ್ ಬಿಟ್ಟು ಬೇರೆ ಮಾತೇ ಆಡಲ್ಲ. ಇದು ರುಚಿಯ ವಿಷಯ, ಬೆಳಗಾಗೋವರೆಗೂ ಜಗಳ ಆಡಬಹುದು. ಆದರೆ ‘ಯಾವ ಆಟದಿಂದ ಉಳಿದ ಆಟಗಳು ಹುಟ್ಟಿದವು’ ಅಂತ ಕೇಳಿದರೆ ಪ್ರಶ್ನೆ ಬೇರೆಯೇ ಆಗುತ್ತೆ. ಅದಕ್ಕೆ ಸಾಕ್ಷಿ ಹುಡುಕಬಹುದು, ಒಂದು ಪರೀಕ್ಷೆಯನ್ನೂ ಇಡಬಹುದು.

ಪರೀಕ್ಷೆ ನಮ್ಮ ಅರಸೀಕೆರೆಯದ್ದೇ. ಅರಸೀಕೆರೆ ದೊಡ್ಡ ಊರೇನಲ್ಲ. ಹೊರಗಿನವರಿಗೆ ತೆಂಗಿನಕಾಯಿ ಮಾರ್ಕೆಟ್ಟು ಗೊತ್ತು, ಇಲ್ಲಾಂದ್ರೆ ರೈಲಿನ ಕಿಟಕಿಯಿಂದ ಕಂಡ ಬೋರ್ಡು ಗೊತ್ತು. ಆದರೆ ಬೆಂಗಳೂರು–ಹುಬ್ಬಳ್ಳಿ ಲೈನಿಗೆ ಮೈಸೂರು–ಹಾಸನದ ಲೈನು ಬಂದು ಸೇರೋದು ಇಲ್ಲೇ. ನಕ್ಷೆಯಿಂದ ಈ ಒಂದು ಸ್ಟೇಷನ್ ಅಳಿಸಿದರೆ ಎಷ್ಟು ರೈಲು ದಾರಿ ತಪ್ಪುತ್ತವೆ ನೋಡಿ. ಆಟಕ್ಕೂ ಇದನ್ನೇ ಕೇಳೋಣ: ಇದೊಂದು ಆಟ ಬಂದೇ ಇರಲಿಲ್ಲ ಅಂದ್ಕೊಳ್ಳಿ, ಆಮೇಲಿನ ಎಷ್ಟು ಆಟ ನಿಂತುಹೋಗುತ್ತವೆ?

ಈ ಲೆಕ್ಕದಲ್ಲಿ 2011ರ ಸ್ಕೈರಿಮ್ ಕೂಡ ಸ್ವಲ್ಪ ಕೆಳಗೆ ಜಾರುತ್ತೆ. ಕೋಟಿಗಟ್ಟಲೆ ಮಾರಾಟವಾದ ಆಟ, ನಿಜ. ಆದರೆ ಅದು ಲೈನು ಎಲ್ಲ ಹಾಕಿ ಆದಮೇಲೆ ಕಟ್ಟಿದ ದೊಡ್ಡ ಸ್ಟೇಷನ್ನು.

ಆರ್‌ಪಿಜಿ ಆಡದವರಿಗೆ ಒಂದೆರಡು ಮಾತು. ಇಲ್ಲಿ ನಿಮ್ಮ ಪಾತ್ರಕ್ಕೆ ಶಕ್ತಿ, ಬುದ್ಧಿ, ಚುರುಕುತನ ಎಲ್ಲ ಅಂಕಿಗಳಲ್ಲಿರುತ್ತೆ. ಹೋರಾಡಿದಷ್ಟು ಅನುಭವದ ಅಂಕ ಬರುತ್ತೆ, ಅಂಕ ತುಂಬಿದರೆ ಲೆವೆಲ್ ಏರುತ್ತೆ. ಇದರ ಬೇರು ಕಂಪ್ಯೂಟರಿನಲ್ಲಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನೋ ಮೇಜಿನ ಮೇಲಿನ ಆಟದಲ್ಲಿದೆ. ಒಬ್ಬ ಕಥೆ ನಡೆಸ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು ಮಾತಾಡ್ತಾರೆ, ಏಟು ಬಿತ್ತೋ ತಪ್ಪಿತೋ ಅನ್ನೋದನ್ನ 20 ಮುಖದ ದಾಳ ಹೇಳುತ್ತೆ. ಕರಾವಳಿ ಕಡೆಯ ಗೆಳೆಯರಿಗೆ ಇದು ಥಟ್ಟನೆ ಅರ್ಥವಾಗುತ್ತೆ, ತಾಳಮದ್ದಳೆ ನೋಡಿದವರು ಅವರು. ಭಾಗವತರು ಪ್ರಸಂಗ ನಡೆಸ್ತಾರೆ, ಅರ್ಥಧಾರಿಗಳು ನಿಂತ ನಿಲುವಿನಲ್ಲೇ ಮಾತು ಕಟ್ತಾರೆ. ವ್ಯತ್ಯಾಸ ಇಷ್ಟೇ, ತಾಳಮದ್ದಳೆಯಲ್ಲಿ ಕರ್ಣ ಕೊನೆಗೆ ಸಾಯಲೇಬೇಕು. ಡಿ ಅಂಡ್ ಡಿಯಲ್ಲಿ ಅದು ದಾಳದ ಕೈಲಿದೆ.

ಈ ದಾಳದ ಲೆಕ್ಕವನ್ನ ಕಂಪ್ಯೂಟರಿಗೆ ಹಾಕಬಹುದಲ್ಲ ಅಂತ ಹೊಳೆದಿದ್ದು ದೊಡ್ಡ ಕಂಪನಿಗಳಿಗಲ್ಲ, ಕ್ಯಾಂಪಸ್ಸಿನ ಹುಡುಗರಿಗೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೋ ಅಂತ ಪಾಠ ಕಲಿಸೋ ಕಂಪ್ಯೂಟರ್ ವ್ಯವಸ್ಥೆ ಇತ್ತು. 1975ರಲ್ಲಿ ರಸ್ಟಿ ರುದರ್‌ಫೋರ್ಡ್ ಅದರಲ್ಲಿ ಒಂದು ಗುಹೆಯ ಆಟ ಬರೆದರು. ಆಟದ ಫೈಲಿನ ಹೆಸರು ‘ಪೆಡಿಟ್5’. ಕೇಳಿದರೆ ಯಾವುದೋ ಕೆಲಸದ ಪ್ರೋಗ್ರಾಮ್ ಅನ್ನಿಸಬೇಕು, ಆ ಥರದ ಹೆಸರು. ಆದರೂ ಸಿಕ್ಕಿಬಿತ್ತು, ಆಡಳಿತದವರು ಅಳಿಸಿಹಾಕಿದರು. ಲ್ಯಾಬಿನಲ್ಲಿ ಕೌಂಟರ್ ಸ್ಟ್ರೈಕ್ ಫೋಲ್ಡರಿಗೆ ‘ಡಿಬಿಎಂಎಸ್ ಅಸೈನ್‌ಮೆಂಟ್’ ಅಂತ ಹೆಸರಿಡೋ ಪರಂಪರೆಗೆ ಸುಮಾರು 50 ವರ್ಷದ ಇತಿಹಾಸ ಇದೆ ಅಂತ ಹೆಮ್ಮೆ ಪಡಬಹುದು. ಅದೇ ಪ್ಲೇಟೋದಲ್ಲಿ ಗ್ಯಾರಿ ವಿಸೆನ್‌ಹಂಟ್, ರೇ ವುಡ್ ಇಬ್ಬರೂ ‘ಡಿಎನ್‌ಡಿ’ ಬರೆದರು. ಕೊನೆಯಲ್ಲಿ ನಿಧಿ ಕಾಯೋ ಚಿನ್ನದ ಡ್ರ್ಯಾಗನ್ ಅದರಲ್ಲಿತ್ತು. ನಾವು ಇವತ್ತು ‘ಬಾಸ್’ ಅನ್ನೋ ದೈತ್ಯ ಬಹುಶಃ ಅಲ್ಲೇ ಮೊದಲು ಕಾಣಿಸಿಕೊಂಡಿದ್ದು.

ಇನ್ನು ನನ್ನ ಪಟ್ಟಿಯ ಮೊದಲ ಹೆಸರು. 1981ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಆ್ಯಪಲ್ 2 ಕಂಪ್ಯೂಟರಿಗೆ ‘ವಿಝಾರ್ಡ್ರಿ’ ತಂದರು. ಬರೆದಿದ್ದು ಪ್ಯಾಸ್ಕಲ್ ಭಾಷೆಯಲ್ಲಿ. ಆರು ಜನರ ತಂಡ ಕಟ್ಟಬೇಕು, ಗೆರೆಗಳಲ್ಲಿ ಬರೆದ ಗುಹೆಯೊಳಗೆ ಹೆಜ್ಜೆ ಹೆಜ್ಜೆ ಹೋಗಬೇಕು, ಶತ್ರು ಎದುರಾದರೆ ಮೆನುವಿನಲ್ಲಿ ಹೊಡಿ, ಮಂತ್ರ ಹಾಕು, ಓಡು ಅಂತ ಆರಿಸಬೇಕು. ಅದೇ ವರ್ಷ ‘ಅಲ್ಟಿಮಾ’ ಕೂಡ ಬಂತು. ಬರೆದವರು ರಿಚರ್ಡ್ ಗ್ಯಾರಿಯಟ್; ಹೈಸ್ಕೂಲಿನಲ್ಲಿದ್ದಾಗಲೇ ‘ಅಕಲಬೆತ್’ ಅನ್ನೋ ಆಟ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ತಾನು ಕೆಲಸಕ್ಕಿದ್ದ ಕಂಪ್ಯೂಟರ್ ಅಂಗಡಿಯಲ್ಲೇ ಮಾರಿದ್ದ ಹುಡುಗ. ವಿಝಾರ್ಡ್ರಿ ಗುಹೆಯೊಳಗಿನ ಜಗಳ ಕೊಟ್ಟರೆ ಅಲ್ಟಿಮಾ ಮೇಲಿಂದ ಕಾಣೋ ದೊಡ್ಡ ನಕ್ಷೆ, ಊರೂರು ಸುತ್ತೋ ದಾರಿ ಕೊಟ್ಟಿತು.

ಎರಡೂ ಲೈನು ಸೇರಿದ್ದು ಜಪಾನಿನಲ್ಲಿ. ಯೂಜಿ ಹೋರಿಯಿ ಅನ್ನೋ ಆಟಗಾರ-ಬರಹಗಾರ 1983ರಲ್ಲಿ ಎನಿಕ್ಸ್ ಕಂಪನಿಯ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ವಿಝಾರ್ಡ್ರಿ ನೋಡಿ ಮರುಳಾದರು. 1986ರ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಅಲ್ಟಿಮಾದ ನಕ್ಷೆ, ವಿಝಾರ್ಡ್ರಿಯ ಜಗಳದ ಮೆನು ಎರಡನ್ನೂ ಸೇರಿಸಿ, ಟಿವಿ ಮುಂದೆ ಕೂತ ಯಾವ ಮಗುವಾದರೂ ಆಡೋ ಹಾಗೆ ಸರಳ ಮಾಡಿದರು. ಚಿತ್ರ ಬರೆದವರು ಡ್ರ್ಯಾಗನ್ ಬಾಲ್‌ನ ಅಕಿರಾ ತೋರಿಯಾಮಾ.

ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಹೊಸದೇನಿದೆ ಅಂತ ಮೂಗು ಮುರಿಯೋರಿಗೆ ನಾನು ಬೇಲೂರು ತೋರಿಸ್ತೀನಿ. ಚೆನ್ನಕೇಶವ ದೇವಸ್ಥಾನ ಆಗಿದ್ದು 1117ರಲ್ಲಿ. ಕಡೆದಂಥ ನುಣುಪು ಕಂಬ, ಬಳಪದ ಕಲ್ಲು ಎರಡೂ ಅದಕ್ಕೆ ಮೊದಲೇ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಲಕ್ಕುಂಡಿ, ಇಟಗಿ ಕಡೆ ಬಂದಿದ್ದವು. ಇಟಗಿಯ ಮಹಾದೇವ ದೇವಾಲಯದ ವರ್ಷ 1112. ಆದರೆ ಬೇಲೂರಾದಮೇಲೆ ಹಳೇಬೀಡು, ನಮ್ಮ ಅರಸೀಕೆರೆಯ ಈಶ್ವರ ದೇವಾಲಯ, ಸೋಮನಾಥಪುರ ಅಂತ ಸಾಲಾಗಿ ಬಂದವು. ಡ್ರ್ಯಾಗನ್ ಕ್ವೆಸ್ಟ್ ಆದಮೇಲೂ ಹಾಗೇ: 1987ರಲ್ಲಿ ಫೈನಲ್ ಫ್ಯಾಂಟಸಿ, 1996ರಲ್ಲಿ ಪೋಕೆಮಾನ್. ಪಿಕಾಚುವಿನ ಸರದಿ ಬಂದಾಗ ಕಾಣೋ ನಾಲ್ಕು ಆಯ್ಕೆಯ ಮೆನು ಇದೆಯಲ್ಲ, ಅದರ ವಂಶಾವಳಿ ನೇರವಾಗಿ ಕಾರ್ನೆಲ್ಲಿನ ಆ ಇಬ್ಬರ ತನಕ ಹೋಗುತ್ತೆ. ಪರೀಕ್ಷೆ ಹಾಕಿ ನೋಡಿ: ವಿಝಾರ್ಡ್ರಿ ಅಳಿಸಿದರೆ ಜಪಾನಿನ ಇಡೀ ಲೈನಿನ ಹಳಿ ಎಳೆದಂತೆ.

ಎರಡನೇ ಜಂಕ್ಷನ್ ‘ರೋಗ್’. ಇಂಜಿನಿಯರಿಂಗ್ ಓದೋರಿಗೆ ಇದರಷ್ಟು ಖುಷಿ ಕೊಡೋ ಆಟ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಝ್ ಕ್ಯಾಂಪಸ್ಸಿನ ವಿದ್ಯಾರ್ಥಿಗಳಾದ ಮೈಕಲ್ ಟಾಯ್ ಮತ್ತು ಗ್ಲೆನ್ ವಿಕ್‌ಮನ್ ಶುರುಮಾಡಿದ್ದು, ಆಮೇಲೆ ಬರ್ಕ್ಲಿಯ ಕೆನ್ ಆರ್ನಾಲ್ಡ್ ಸೇರಿಕೊಂಡರು. ಅವರ ಕಷ್ಟ ಸರಳ: ತಾವೇ ಬರೆದ ಆಟ ತಮಗೇ ಬೋರು, ಯಾವ ಮೂಲೆಯಲ್ಲಿ ಏನಿದೆ ಅಂತ ಗೊತ್ತಲ್ಲ. ಅದಕ್ಕೆ ಗುಹೆಯನ್ನ ಪ್ರತಿ ಸಲ ಪ್ರೋಗ್ರಾಮೇ ಹೊಸದಾಗಿ ಕಟ್ಟಲಿ ಅಂದರು. ಪರದೆಯನ್ನ ಮೂರು ಅಡ್ಡ, ಮೂರು ಉದ್ದ ಅಂತ ಒಂಬತ್ತು ಮನೆ ಮಾಡು, ಒಂದೊಂದರಲ್ಲಿ ಯದ್ವಾತದ್ವಾ ಅಳತೆಯ ಕೋಣೆ ಇಡು, ಎಲ್ಲಕ್ಕೂ ದಾರಿ ಸಿಗೋ ಹಾಗೆ ಜೋಡಿಸು, ಮೇಲೆ ಒಂದೆರಡು ಹೆಚ್ಚಿನ ದಾರಿ ಎಸೆ. ನಾವು ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಬಾಯಿಪಾಠ ಮಾಡೋ ಸ್ಪ್ಯಾನಿಂಗ್ ಟ್ರೀ ಇದೇನೇ. ಪರೀಕ್ಷೆಗೆ ಮುಂಚೆ ಇದನ್ನ ಯಾರಾದರೂ ಹೇಳಿದ್ದರೆ ಆ ಚಾಪ್ಟರ್ ಇನ್ನೂ ಚೆನ್ನಾಗಿ ತಲೆಗೆ ಹತ್ತುತ್ತಿತ್ತು.

ಇನ್ನೊಂದು ನಿಯಮ: ಸತ್ತರೆ ಸತ್ತ ಹಾಗೇ, ಹಳೆಯ ಸೇವ್ ಫೈಲಿಗೆ ವಾಪಸ್ ಹೋಗಂಗಿಲ್ಲ. ರೋಗ್ ಯುನಿಕ್ಸಿನ ಬರ್ಕ್ಲಿ ಆವೃತ್ತಿಯ ಜೊತೆಗೇ ಹೋಗಿ ಎಷ್ಟೋ ಕಾಲೇಜುಗಳನ್ನ ತಲುಪಿತು. ಅದರ ಮಕ್ಕಳು ಹ್ಯಾಕ್, ನೆಟ್‌ಹ್ಯಾಕ್, ಮೋರಿಯಾ, ಆ್ಯಂಗ್‌ಬ್ಯಾಂಡ್. ಇವುಗಳ ಹುಚ್ಚು ಹತ್ತಿಸಿಕೊಂಡಿದ್ದ ಡೇವಿಡ್ ಬ್ರೆವಿಕ್ ತಂಡ ‘ಡಯಾಬ್ಲೋ’ ಮಾಡಿತು. ಅದೂ ಮೊದಲು ಸರದಿಯ ಆಟವೇ. ಬೇಡ, ಕ್ಲಿಕ್ ಮಾಡಿದ ತಕ್ಷಣ ಹೊಡೀಬೇಕು ಅಂತ ಬೇರೆಯವರು ಒತ್ತಾಯ ಮಾಡಿದಾಗ ಬ್ರೆವಿಕ್ ಒಲ್ಲದ ಮನಸ್ಸಿಂದ ಕೂತು ಕೆಲವೇ ಗಂಟೆಗಳಲ್ಲಿ ಬದಲಿಸಿದರು, ಮೊದಲ ಏಟಿಗೇ ಮನಸ್ಸೂ ಬದಲಾಯ್ತು.

ಮೂರನೆಯದು 1985ರ ಅಲ್ಟಿಮಾ 4. ಇದರಲ್ಲಿ ಕೊನೆಗೆ ಕೊಲ್ಲಬೇಕಾದ ರಾಕ್ಷಸನೇ ಇಲ್ಲ. ಎಂಟು ಸದ್ಗುಣಗಳಲ್ಲಿ ಪಾಸಾಗಬೇಕು. ಅಂಗಡಿಯ ಕುರುಡು ಹೆಂಗಸಿಗೆ ಕಾಸು ಕಮ್ಮಿ ಕೊಟ್ಟರೆ ಆಗ ಯಾರೂ ಏನೂ ಅನ್ನಲ್ಲ, ಆದರೆ ಆಟ ಬರೆದಿಟ್ಟುಕೊಂಡಿರುತ್ತೆ. ಮಾಡಿದ್ದುಣ್ಣೋ ಮಹರಾಯ ಅನ್ನೋದನ್ನ ಒಂದು ವೇರಿಯಬಲ್‌ನಲ್ಲಿ ಇಟ್ಟ ಆಟ. 1997ರ ಫಾಲ್‌ಔಟ್, 1998ರ ಬಾಲ್ಡರ್ಸ್ ಗೇಟ್, ಈಚಿನ ವಿಚರ್ 3 ಎಲ್ಲ ಬೇರೆ ಬೇರೆ ದಾರಿಯಲ್ಲಿ ಬಂದರೂ ಈ ಸ್ಟೇಷನ್ ಮುಟ್ಟಿಯೇ ಹೋಗಿವೆ. ಡಾರ್ಕ್ ಸೋಲ್ಸ್ ಬಗ್ಗೆ ಕೇಳೋರಿಗೆ: ಅದೂ ಜಂಕ್ಷನ್ನೇ, ಅದರ ಹೆಸರಲ್ಲೇ ಒಂದು ಜಾತಿಯ ಆಟಗಳು ಬಂದಿವೆ, ಆದರೆ ಲೈನು ಇನ್ನೂ ಹಾಕ್ತಾ ಇದ್ದಾರೆ.

ಈ ಪಟ್ಟಿಯಲ್ಲಿ ಕನ್ನಡ ಎಲ್ಲಿ? ಹೇಳಿಕೊಳ್ಳೋ ಥರ ಇಲ್ಲ. ಕಥೆಗೆ ಬರವಲ್ಲ, ಹುಲಿಗೆ ಎದುರು ನಿಂತ ಸಳನ ಶಿಲ್ಪ ಬೇಲೂರಿನ ಬಾಗಿಲಲ್ಲೇ ಇದೆ. ಒಂದು ತೊಡಕು ಅಕ್ಷರದ್ದು. ಆರ್‌ಪಿಜಿ ಅಂದರೆ ಅರ್ಧ ಓದೋದೇ. ಡ್ರ್ಯಾಗನ್ ಕ್ವೆಸ್ಟ್‌ನ ಇಡೀ ಕಾರ್ಟ್ರಿಜ್ 64 ಕಿಲೋಬೈಟ್. ಜಾಗ ಸಾಲದೆ ಕತಕಾನಾ ಲಿಪಿಯಲ್ಲಿ ಸುಮಾರು 20 ಅಕ್ಷರ ಮಾತ್ರ ಇಟ್ಟುಕೊಂಡು, ಅಷ್ಟರಲ್ಲೇ ರಾಕ್ಷಸರ, ಮಂತ್ರಗಳ ಹೆಸರು ಹೊಂದಿಸಿದರು. ನಮಗೀಗ ಜಾಗದ ಕಷ್ಟವಿಲ್ಲ, ಒತ್ತಕ್ಷರದ ಕಷ್ಟ. ‘ದ್ಧ’ ಯೂನಿಕೋಡ್‌ನಲ್ಲಿ ಮೂರು ತುಂಡು: ದ, ಹಲಂತ, ಧ. ಅವನ್ನ ಫಾಂಟಿನ ನಿಯಮ ನೋಡಿ ಒಂದರ ಕೆಳಗೆ ಒಂದು ಕೂರಿಸೋಕೆ ಬೇರೆ ಸಾಫ್ಟ್‌ವೇರೇ ಬೇಕು. ನಿಮ್ಮ ಆ್ಯಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್‌ನಲ್ಲಿ ಆ ಕೆಲಸ ಮಾಡೋದು ಹಾರ್ಫ್‌ಬಝ್. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಬಹಳ ವರ್ಷ ಇದು ತಾನಾಗಿ ಆಗ್ತಿರಲಿಲ್ಲ, ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತಿತ್ತು. 2023ರಲ್ಲಿ ಬಂದ ಗೋಡೋ 4ರ ಒಳಗೆ ಹಾರ್ಫ್‌ಬಝ್ ಸೇರಿಸಿದ್ದಾರೆ, ಅದೂ ಪುಕ್ಕಟೆ.

ಕ್ಲಬ್ಬಿನಲ್ಲಿ ಯಾರಾದರೂ ಸಣ್ಣದೊಂದು ಆರ್‌ಪಿಜಿ ಶುರುಮಾಡೋದಾದರೆ ನಕ್ಷೆ, ರಾಕ್ಷಸ ಎಲ್ಲ ಆಮೇಲಿರಲಿ. ಮೊದಲ ದಿನವೇ ಖಾಲಿ ಪರದೆಯ ಮೇಲೆ ಮೂರು ಪದ ಹಾಕಿ ನೋಡಿ: ಯುದ್ಧ, ಶಸ್ತ್ರ, ಸೂರ್ಯ. ಮೊದಲನೆಯದು ಸಾದಾ ಒತ್ತು, ಎರಡನೆಯದರಲ್ಲಿ ಒಂದಕ್ಕೆರಡು ಒತ್ತು, ಮೂರನೆಯದರ ಅರ್ಕಾವೊತ್ತು ಟೈಪ್ ಮಾಡುವಾಗ ಮುಂದೆ ಬಂದು ತೋರುವಾಗ ಹಿಂದೆ ಹೋಗುತ್ತೆ. ಮೂರೂ ನೆಟ್ಟಗೆ ಕಂಡರೆ ಒಂಬತ್ತು ಮನೆ ಎಳೆದು ಗುಹೆ ಕಟ್ಟೋಕೆ ಶುರುಮಾಡಿ.