ಹೊರದೇಶದಲ್ಲಿ ದೀರ್ಘಕಾಲ ದುಡಿಯುವ ಸಲಹೆಗಾರರು ಮತ್ತು ಆದಾಯ ತೆರಿಗೆ

ಇಂಜಿನಿಯರಿಂಗ್, ಗಣಕ ತಂತ್ರಜ್ಞಾನ, ಲೆಕ್ಕಪತ್ರ ಮೊದಲಾದ ಕ್ಷೇತ್ರಗಳ ಸಲಹೆಗಾರರು ಕೆಲಸದ ನಿಮಿತ್ತ ತಿಂಗಳುಗಟ್ಟಲೆ ಹೊರದೇಶಗಳಲ್ಲಿ ತಂಗುವುದುಂಟು. ಅಲ್ಲಿ ಗಳಿಸಿದ ಶುಲ್ಕಕ್ಕೆ ಭಾರತದಲ್ಲಿ ತೆರಿಗೆ ಸಲ್ಲಬೇಕೇ ಎಂಬುದು ಮುಖ್ಯವಾಗಿ, ಅವರು ಆ ಹಣಕಾಸು ವರ್ಷದಲ್ಲಿ ಎಷ್ಟು ದಿನ ಭಾರತದಲ್ಲಿದ್ದರು ಎಂಬುದನ್ನು ಅವಲಂಬಿಸಿರುತ್ತದೆ.

ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಅವಧಿಯಲ್ಲಿ ಒಟ್ಟು 182 ಅಥವಾ ಹೆಚ್ಚು ದಿನ ಭಾರತದಲ್ಲಿದ್ದವರು 'ನಿವಾಸಿ' ಎನಿಸುತ್ತಾರೆ. ಆ ವರ್ಷದಲ್ಲಿ 60 ದಿನ ಹಾಗೂ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವರೂ ನಿವಾಸಿಗಳೇ. ಆದರೆ ಉದ್ಯೋಗಾರ್ಥವಾಗಿ ದೇಶ ಬಿಟ್ಟು ತೆರಳುವ ಭಾರತೀಯ ಪೌರರಿಗೆ, ತೆರಳಿದ ವರ್ಷದಲ್ಲಿ ಈ 60 ದಿನದ ಬದಲು 182 ದಿನದ ಮಿತಿ ಅನ್ವಯಿಸುತ್ತದೆ. ಸ್ವಂತ ವೃತ್ತಿಗಾಗಿ ತೆರಳುವುದೂ ಉದ್ಯೋಗವೇ ಎಂದು ಕೇರಳ ಉಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿದೆ.

ಒಂದು ಉದಾಹರಣೆ: ಪುಣೆಯಲ್ಲಿಯೇ ನೆಲೆಸಿದ್ದ ಸಲಹೆಗಾರರೊಬ್ಬರು ಸೆಪ್ಟೆಂಬರ್ 15ರಂದು ಜರ್ಮನಿಗೆ ಉದ್ಯೋಗಾರ್ಥವಾಗಿ ತೆರಳುತ್ತಾರೆ. ಏಪ್ರಿಲ್ 1ರಿಂದ ಅಲ್ಲಿಯವರೆಗೆ 168 ದಿನಗಳಾದವು. ಆ ವರ್ಷ ಮರಳಿ ಬಾರದಿದ್ದಲ್ಲಿ ಅವರು ಅನಿವಾಸಿ. ದೀಪಾವಳಿಗೆಂದು ಬಂದು 21 ದಿನ ಉಳಿದರೆ ಒಟ್ಟು 189 ದಿನಗಳಾಗಿ ಅವರು ನಿವಾಸಿಯಾಗುತ್ತಾರೆ. ಆಗ ಜರ್ಮನಿಯ ಗಳಿಕೆಯೂ ಸೇರಿ ಅವರ ಸಮಸ್ತ ಆದಾಯವೂ ಇಲ್ಲಿ ತೆರಿಗೆಗೆ ಒಳಪಡುತ್ತದೆ.

ಒಂದೇ ಆದಾಯಕ್ಕೆ ಎರಡು ದೇಶಗಳಲ್ಲಿ ತೆರಿಗೆಯ ಹೊರೆ ಬೀಳದಂತೆ ಭಾರತವು ಅನೇಕ ದೇಶಗಳೊಡನೆ ಒಪ್ಪಂದ ಮಾಡಿಕೊಂಡಿದೆ. ಜರ್ಮನಿಯೊಡನೆ ಇಂತಹ ಒಪ್ಪಂದಕ್ಕೆ 1995ರಲ್ಲಿ ಸಹಿಯಾಯಿತು. ಒಪ್ಪಂದಕ್ಕನುಸಾರವಾಗಿ ಅಲ್ಲಿ ತೆತ್ತ ತೆರಿಗೆಯನ್ನು, ಅದೇ ಆದಾಯದ ಮೇಲಿನ ಭಾರತೀಯ ತೆರಿಗೆಯ ಮೊತ್ತವನ್ನು ಮೀರದಂತೆ, ಇಲ್ಲಿ ಕಳೆಯಲು ಅವಕಾಶವಿದೆ. ತೆರಿಗೆ ತೆತ್ತ ಪುರಾವೆಯನ್ನು ನಿಗದಿತ ನಮೂನೆಯೊಡನೆ ಸಲ್ಲಿಸತಕ್ಕದ್ದು.

ಅನಿವಾಸಿಗಳೂ ಒಂದು ಅಂಶವನ್ನು ಗಮನಿಸಬೇಕು. ವಿದೇಶದ ಶುಲ್ಕವು ನೇರವಾಗಿ ಭಾರತದ ಬ್ಯಾಂಕ್ ಖಾತೆಗೆ ಜಮೆಯಾದರೆ, ಅದು ಭಾರತದಲ್ಲಿ ಸ್ವೀಕರಿಸಿದ ಆದಾಯವೆಂದು ತೆರಿಗೆಗೆ ಗುರಿಯಾಗಬಹುದು. ಸಾಮಾನ್ಯ ನಿವಾಸಿಗಳಾದರೋ ತಮ್ಮ ವಿದೇಶೀ ಖಾತೆಗಳನ್ನು ಆದಾಯ ವಿವರ ಪತ್ರದಲ್ಲಿ ಘೋಷಿಸಬೇಕು. ತಪ್ಪಿದಲ್ಲಿ 2015ರ ಕಪ್ಪುಹಣ ಕಾಯಿದೆಯನ್ವಯ 10 ಲಕ್ಷ ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಕಡಿಮೆ ಮೌಲ್ಯದ ಖಾತೆಗಳಿಗೆ ವಿನಾಯಿತಿಯುಂಟು.

ವೃತ್ತಿಗಾಗಿಯೇ ಮಾಡಿದ ಪ್ರಯಾಣ ಮತ್ತು ವಸತಿಯ ವೆಚ್ಚವನ್ನು ಆದಾಯದಿಂದ ಕಳೆಯಬಹುದು, ರಸೀತಿಗಳಿರಬೇಕು. ಆದರೆ ಒಟ್ಟು ಶುಲ್ಕದ ಶೇಕಡಾ 50ರಷ್ಟನ್ನು ಆದಾಯವೆಂದು ಭಾವಿಸುವ ಸರಳ ಪದ್ಧತಿಯನ್ನು ಆಯ್ದುಕೊಂಡವರಿಗೆ ಈ ವೆಚ್ಚ ಪ್ರತ್ಯೇಕವಾಗಿ ದೊರೆಯದು. ವೆಚ್ಚವು ಶುಲ್ಕದ ಅರ್ಧವನ್ನು ಮೀರುವವರು ಆಯ್ಕೆಗೆ ಮುನ್ನ ಲೆಕ್ಕಹಾಕಿ ನೋಡುವುದು ಲೇಸು.

ಆದುದರಿಂದ, ಹೊರಡುವ ಮತ್ತು ಮರಳುವ ಪ್ರತಿಯೊಂದು ದಿನಾಂಕವನ್ನೂ ಬರೆದಿಡಿರಿ. ಪಾಸ್‌ಪೋರ್ಟಿನ ಮುದ್ರೆಗಳ ಪ್ರತಿ ಹಾಗೂ ವಿಮಾನದ ಟಿಕೆಟ್‌ಗಳನ್ನು ಕಾಯ್ದಿಡಿರಿ. ಊರಿಗೆ ಬರುವ ದಿನವನ್ನು ಗೊತ್ತುಮಾಡುವ ಮೊದಲೇ ದಿನಗಳನ್ನು ಎಣಿಸಿಕೊಂಡಲ್ಲಿ, ಅನಿರೀಕ್ಷಿತ ತೆರಿಗೆಯ ಹೊರೆಯನ್ನು ತಪ್ಪಿಸಬಹುದು.